ನೂರಕ್ಕೆ ಎರಡು ರೂಪಾಯಿ ಹುಟ್ಟಿದ ಬಗೆ

1968ರ ಅಕ್ಟೋಬರಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಬ್ಯಾಂಕಿನವರ ಒಂದು ಸಭೆ ಸೇರಿತು. ಕರೆದದ್ದು ಕ್ಯಾಲಿಫೋರ್ನಿಯಾದ ಬ್ಯಾಂಕ್ ಆಫ್ ಅಮೆರಿಕ. ಬಂದವರು ಅದರ ‘ಬ್ಯಾಂಕ್‌ಅಮೆರಿಕಾರ್ಡ್’ ಎಂಬ ಕ್ರೆಡಿಟ್ ಕಾರ್ಡನ್ನು ತಮ್ಮ ತಮ್ಮ ಊರುಗಳಲ್ಲಿ ನಡೆಸಲು ಪರವಾನಗಿ ಪಡೆದಿದ್ದ ಬೇರೆ ಬ್ಯಾಂಕುಗಳ ಅಧಿಕಾರಿಗಳು. ವ್ಯವಸ್ಥೆಯನ್ನು ಸರಿಪಡಿಸುವ ಮಾತಿಗೆಂದು ಕೂತವರು ಒಬ್ಬರ ಮೇಲೊಬ್ಬರು ಹರಿಹಾಯ್ದರು. ವಂಚನೆಯಿಂದಾದ ನಷ್ಟ, ಲೆಕ್ಕಕ್ಕೆ ಕೂಡದ ಚೀಟಿಗಳ ರಾಶಿ, ತಮಗೆ ಬರಬೇಕಾದ ಪಾಲು ಬರಲಿಲ್ಲವೆಂಬ ದೂರು, ಎಲ್ಲವೂ ಒಟ್ಟಿಗೇ ಮೇಲೆದ್ದವು. ಸಿಯಾಟಲ್‌ನ ಬ್ಯಾಂಕೊಂದರಿಂದ ಬಂದಿದ್ದ ಡೀ ಹಾಕ್ ಎಂಬ ಅಧಿಕಾರಿ, ಸಮಸ್ಯೆಯನ್ನು ಬುಡದಿಂದ ನೋಡಲು ಒಂದು ಸಮಿತಿ ಮಾಡೋಣ ಎಂದರು. ಹೊಣೆ ಅವರ ತಲೆಗೇ ಬಿತ್ತು. ಆ ಸಮಿತಿಯ ಕೆಲಸದಿಂದ 1970ರಲ್ಲಿ ಹುಟ್ಟಿದ ಸಂಸ್ಥೆಗೆ 1976ರಲ್ಲಿ ವೀಸಾ ಎಂದು ಹೆಸರಾಯಿತು.

ನಮ್ಮ ಬಳೆಪೇಟೆ, ಚಿಕ್ಕಪೇಟೆಯ ಅಂಗಡಿಯವರು ಈ ಸಭೆಯ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅದರ ಫಲ ಪ್ರತಿದಿನವೂ ಅವರ ಲೆಕ್ಕದಲ್ಲಿ ಬರುತ್ತದೆ. ಗಿರಾಕಿ ಐದು ಸಾವಿರದ ಸೀರೆಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ, ಕಡಿತ ನೂರಕ್ಕೆ ಎರಡು ಎಂದಾದಲ್ಲಿ, ಅಂಗಡಿಯ ಖಾತೆಗೆ ಸೇರುವುದು ನಾಲ್ಕು ಸಾವಿರದ ಒಂಬೈನೂರು. ಕಡಿತದ ಮೇಲೆ ಜಿಎಸ್‌ಟಿ ಬೇರೆ. ಹೀಗೆ ಮುರಿದುಕೊಂಡ ಮೊತ್ತವನ್ನು ಎಂಡಿಆರ್ ಎನ್ನುತ್ತಾರೆ. ಅದು ಮೂರು ಕಡೆ ಹರಿದು ಹೋಗುತ್ತದೆ. ಸ್ವೈಪ್ ಮಷೀನ್ ಕೊಟ್ಟ ಬ್ಯಾಂಕಿಗೆ ಒಂದು ಪಾಲು, ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಕ್ಕೆ ಒಂದು ಸಣ್ಣ ಪಾಲು, ಉಳಿದ ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಈ ದೊಡ್ಡ ಪಾಲಿನ ಹೆಸರು ಇಂಟರ್‌ಚೇಂಜ್ ಶುಲ್ಕ. ಮಷೀನ್ ಕೊಟ್ಟ ಬ್ಯಾಂಕಿನೊಡನೆ ಅಂಗಡಿಯವರು ಚೌಕಾಸಿ ಮಾಡಬಹುದು, ಬೇರೆ ಬ್ಯಾಂಕಿಗೆ ಹೋಗುತ್ತೇನೆ ಎನ್ನಬಹುದು. ಗಿರಾಕಿಯ ಬ್ಯಾಂಕಿನೊಡನೆ ಅವರಿಗೆ ಮಾತೂ ಇಲ್ಲ, ಕತೆಯೂ ಇಲ್ಲ. ಆ ಪಾಲು ಚೌಕಾಸಿಗೆ ಸಿಗುವುದೇ ಇಲ್ಲ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಕೊಲಂಬಸ್‌ಗಿಂತಲೂ ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮೆಕ್‌ನಮಾರ ಡೈನರ್ಸ್ ಕ್ಲಬ್ ಶುರುಮಾಡಿದರು. ಹೋಟೆಲಿನಲ್ಲಿ ಉಂಡು ಎದ್ದಾಗ ಪರ್ಸ್ ಮರೆತದ್ದು ನೆನಪಾಗಿ ಅವರಿಗೆ ಈ ಯೋಚನೆ ಹೊಳೆಯಿತೆಂಬ ಕತೆ ಎಲ್ಲ ಕಡೆ ಓಡಾಡುತ್ತದೆ. ಅದು ಪ್ರಚಾರಕ್ಕೆ ಹೆಣೆದ ಕತೆಯೆಂದು ಆಮೇಲೆ ಕಂಪನಿಯ ಕಡೆಯವರೇ ಹೇಳಿದರು. ನನ್ನ ಮಟ್ಟಿಗೆ ಅಲ್ಲಿ ಮುಖ್ಯವಾದದ್ದು ಪರ್ಸಲ್ಲ, ಏಳು ಎಂಬ ಅಂಕಿ. ಕಾರ್ಡ್ ತೋರಿಸಿ ಉಂಡವರ ಬಿಲ್ಲಿನಲ್ಲಿ ಹೋಟೆಲಿನವರು ನೂರಕ್ಕೆ ಏಳು ಬಿಟ್ಟುಕೊಡಬೇಕಿತ್ತು. ಖರ್ಚು ಮಾಡುವ ಗಿರಾಕಿಗಳನ್ನು ತಂದುಕೊಡುತ್ತೇವೆ, ವಸೂಲಿಯ ತಲೆನೋವು ನಮಗಿರಲಿ, ಅದಕ್ಕೆ ಕೂಲಿ ಕೊಡಿ ಎಂಬ ಕರಾರು ಅದು. ಕಾರ್ಡಿನ ಖರ್ಚನ್ನು ಕಾರ್ಡ್ ಹಿಡಿದವರಿಂದಲ್ಲ, ಮಾರುವವರಿಂದ ಪಡೆಯಬಹುದು ಎಂಬುದು ಈ ಕತೆಯ ಮೊದಲ ಶೋಧ.

ಎಂಟು ವರ್ಷದ ನಂತರ, 1958ರ ಸೆಪ್ಟೆಂಬರಿನಲ್ಲಿ, ಬ್ಯಾಂಕ್ ಆಫ್ ಅಮೆರಿಕದ ಜೋಸೆಫ್ ವಿಲಿಯಮ್ಸ್ ಅದನ್ನೇ ದೊಡ್ಡದಾಗಿ ಮಾಡಿನೋಡಿದರು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದ ಸುಮಾರು 60,000 ಜನರಿಗೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡುಗಳು ಬಂದು ಬಿದ್ದವು. ಅಂಗಡಿಯವರಿಂದ ನೂರಕ್ಕೆ ಆರು. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳು ಹತ್ತಿರ ಸುಳಿಯಲಿಲ್ಲ, ಸಾಲ ಕೊಡುವ ಸ್ವಂತ ವ್ಯವಸ್ಥೆ ಅವುಗಳಿಗಿತ್ತು. ಒಪ್ಪಿ ಬಂದವರು ಸಣ್ಣ ಅಂಗಡಿಯವರು.

ಆರು ಪರ್ಸೆಂಟಿಗೆ ಅವರೇಕೆ ಒಪ್ಪಿದರು ಎಂಬುದನ್ನು ಉದ್ರಿ ಕೊಟ್ಟು ಬಲ್ಲ ಯಾರೂ ಕೇಳಲಾರರು. ಉದ್ರಿಯ ಪುಸ್ತಕ ಬರೆಯುವುದೇ ಒಂದು ಕೆಲಸ. ತಿಂಗಳಾದ ಮೇಲೆ ಬಾಕಿದಾರರಿಗೆ ನೆನಪಿಸುವುದು ಇನ್ನೊಂದು. ನೆನಪಿಸಿದ್ದಕ್ಕೆ ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗುವವರ ಚಿಂತೆ ಬೇರೆ. ಅಷ್ಟು ದಿನ ಸರಕಿನ ಮೇಲೆ ಹಾಕಿದ ಬಂಡವಾಳ ಸಿಕ್ಕಿಕೊಂಡಿರುತ್ತದೆ. ಬಾಕಿಯ ಒಂದಿಷ್ಟು ಭಾಗ ಯಾವತ್ತೂ ಬರುವುದಿಲ್ಲ. ಫ್ರೆಸ್ನೋದ ಔಷಧಿ ಅಂಗಡಿ, ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳಿಗೂ ಇದೇ ಪಾಡು. ಬ್ಯಾಂಕ್ ಅಷ್ಟನ್ನೂ ಹೊತ್ತುಕೊಂಡು ನೂರರಲ್ಲಿ ತೊಂಬತ್ನಾಲ್ಕನ್ನು ಕೈಯಲ್ಲಿಟ್ಟರೆ ಅದು ನಿಜವಾದ ಸೇವೆಯೇ. ಈ ಶುಲ್ಕವನ್ನು ಹಗಲುದರೋಡೆ ಎಂದು ಒಂದೇ ಏಟಿಗೆ ಬಯ್ಯುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಹೊತ್ತ ಭಾರ ಎಷ್ಟಿತ್ತೆಂಬುದಕ್ಕೆ ಬ್ಯಾಂಕಿನ ಲೆಕ್ಕವೇ ಸಾಕ್ಷಿ. ನೂರಕ್ಕೆ ನಾಲ್ಕು ಖಾತೆಗಳು ಬಾಕಿ ಉಳಿಸಬಹುದೆಂದು ವಿಲಿಯಮ್ಸ್ ಅಂದಾಜಿಸಿದ್ದರು, ಉಳಿಸಿದವು ಇಪ್ಪತ್ತೆರಡು. ಬ್ಯಾಂಕಿಗೆ ಭಾರಿ ನಷ್ಟವಾಗಿ 1959ರ ಕೊನೆಗೆ ಅವರು ಬ್ಯಾಂಕನ್ನೇ ಬಿಟ್ಟರು. ಕಾರ್ಡ್ ಮಾತ್ರ ಉಳಿಯಿತು, ಕೆಲವೇ ವರ್ಷಗಳಲ್ಲಿ ಲಾಭಕ್ಕೂ ಬಂತು.

ಅಲ್ಲಿಯ ತನಕ ಅಂಗಡಿಯ ಬ್ಯಾಂಕೂ ಗಿರಾಕಿಯ ಬ್ಯಾಂಕೂ ಒಂದೇ. ಆರು ಪರ್ಸೆಂಟ್ ಯಾರಿಗೆ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ. 1966ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಬೇರೆ ರಾಜ್ಯಗಳ ಬ್ಯಾಂಕುಗಳಿಗೆ ಪರವಾನಗಿ ಕೊಟ್ಟಿತು ನೋಡಿ, ಒಂದು ವ್ಯಾಪಾರದಲ್ಲಿ ಎರಡು ಬ್ಯಾಂಕುಗಳು ಬಂದು ಕೂತವು. ಸಿಯಾಟಲ್‌ನ ಕಾರ್ಡ್ ಹಿಡಿದವರು ಲಾಸ್ ಏಂಜಲೀಸ್‌ನಲ್ಲಿ ಕೋಟು ಕೊಳ್ಳುತ್ತಾರೆ. ಸಾಲ ಕೊಡುವುದು, ಬಡ್ಡಿಯಿಲ್ಲದೆ ತಿಂಗಳು ಕಾಯುವುದು, ಬಾರದಿದ್ದರೆ ಮುಳುಗುವುದು ಸಿಯಾಟಲ್‌ನ ಬ್ಯಾಂಕು. ಅಂಗಡಿಯವರ ಬಿಲ್ಲಿನಲ್ಲಿ ಮುರಿದುಕೊಂಡ ಹಣ ಕೈಯಲ್ಲಿರುವುದು ಲಾಸ್ ಏಂಜಲೀಸ್‌ನ ಬ್ಯಾಂಕಿಗೆ.

ಮೊದಲ ನಿಯಮ ಸರಳವಾಗಿತ್ತು. ಅಂಗಡಿಯ ಬ್ಯಾಂಕು ತಾನು ಮುರಿದುಕೊಂಡದ್ದನ್ನು ಗಿರಾಕಿಯ ಬ್ಯಾಂಕಿಗೆ ದಾಟಿಸಬೇಕು. ಅಂದಮೇಲೆ ಹೊಸ ಅಂಗಡಿಗಳನ್ನು ಹುಡುಕಿ ಸೇರಿಸುವ ಶ್ರಮಕ್ಕೆ ಅಂಗಡಿಯ ಬ್ಯಾಂಕಿಗೆ ಸಿಗುವುದೇನು? ಕಡಿತ ಎಷ್ಟೆಂದು ಹೇಳುವುದು ಆ ಬ್ಯಾಂಕೇ ಆದದ್ದರಿಂದ ಕಡಿಮೆ ಹೇಳುವ ಆಸೆ ಹುಟ್ಟಿತು. ಅದಕ್ಕಿಂತ ಕೆಟ್ಟದ್ದು ಚೀಟಿಗಳ ಪಾಡು. ಆಗೆಲ್ಲ ಕಾರ್ಬನ್ ಹಾಳೆಯ ಮೇಲೆ ಕಾರ್ಡಿನ ಉಬ್ಬಕ್ಷರವನ್ನು ಒತ್ತಿ ತೆಗೆದ ಚೀಟಿಯೇ ದಾಖಲೆ. ಅಂಗಡಿಯ ಬ್ಯಾಂಕಿಗೆ ಹಣ ಮೊದಲೇ ಬಂದುಬಿಡುತ್ತಿದ್ದುದರಿಂದ ಚೀಟಿಗಳನ್ನು ಬಿಡಿಸಿ ಕಳಿಸುವ ಅವಸರ ಅದಕ್ಕಿರಲಿಲ್ಲ. ಚೀಟಿ ಬಾರದೆ ಗಿರಾಕಿಯ ಬ್ಯಾಂಕು ಬಿಲ್ ಕಳಿಸುವಂತಿಲ್ಲ. ಯಾರ ಲೆಕ್ಕಕ್ಕೂ ಸೇರದ ಹಣ ಎಲ್ಲ ಬ್ಯಾಂಕುಗಳ ಅನಾಮತ್ತು ಖಾತೆಗಳಲ್ಲಿ ಬೆಳೆಯುತ್ತ ಹೋಯಿತು. ಕೊಲಂಬಸ್‌ನಲ್ಲಿ ಸಿಡಿದದ್ದು ಇದೇ.

ಹಾಕ್ ಮತ್ತು ಅವರ ಜೊತೆಯವರು ಹೊಸ ಸಂಸ್ಥೆ ಕಟ್ಟಿ, ಬ್ಯಾಂಕುಗಳೇ ಅದರ ಸದಸ್ಯರಾಗುವಂತೆ ಮಾಡಿದರು. 1971ರಲ್ಲಿ ಒಂದು ತೀರ್ಮಾನಕ್ಕೆ ಬಂದರು: ಅಂಗಡಿಯವರಿಂದ ಎಷ್ಟಾದರೂ ಪಡೆಯಿರಿ, ಅದು ನಿಮ್ಮ ನಿಮ್ಮ ವ್ಯವಹಾರ, ಗಿರಾಕಿಯ ಬ್ಯಾಂಕಿಗೆ ಮಾತ್ರ ಎಲ್ಲರೂ ಒಂದೇ ದರ ಕೊಡಬೇಕು. ದರ ನೂರಕ್ಕೆ 1.95. ಸುಳ್ಳು ಹೇಳುವ ಆಸೆಯ ಬೇರನ್ನೇ ಕಿತ್ತ ಜಾಣತನದ ಪರಿಹಾರ ಇದು. ಸಾವಿರಾರು ಬ್ಯಾಂಕುಗಳು ಪರಸ್ಪರ ಒಂದೊಂದಾಗಿ ಒಪ್ಪಂದ ಮಾಡಿಕೊಳ್ಳಬೇಕಾದ ಕಷ್ಟವನ್ನೂ ತಪ್ಪಿಸಿತು. 1973ರಲ್ಲಿ ಕಾರ್ಡಿಗೆ ಒಪ್ಪಿಗೆ ಕೇಳುವ ಕೆಲಸ ಕಂಪ್ಯೂಟರಿಗೆ ಬಂತು, ಮರುವರ್ಷ ಚೀಟಿಗಳ ವಿನಿಮಯವೂ ಬಂತು. ಇವತ್ತು ಊಟಿಯಲ್ಲೋ ದುಬೈಯಲ್ಲೋ ಮೈಸೂರಿನ ಬ್ಯಾಂಕಿನ ಕಾರ್ಡು ನಡೆಯುವುದಿದ್ದರೆ ಅದಕ್ಕೆ ಬುನಾದಿ ಅಲ್ಲಿದೆ.

ಆದರೆ ಆ ತೀರ್ಮಾನದ ಕೋಣೆಯಲ್ಲಿ ಅಂಗಡಿಯವರಿರಲಿಲ್ಲ. ಎರಡು ಬಗೆಯ ಬ್ಯಾಂಕುಗಳ ಜಗಳವನ್ನು ಬಿಡಿಸಲು ಇಟ್ಟ ಅಂಕಿ ಅಂಗಡಿಯವರ ಪಾಲಿಗೆ ನೆಲದ ಬೆಲೆಯಾಯಿತು. ಗಿರಾಕಿಯ ಬ್ಯಾಂಕಿಗೆ 1.95 ಕೊಟ್ಟೇ ತೀರಬೇಕಾದ ಬ್ಯಾಂಕು ಅದಕ್ಕಿಂತ ಕಡಿಮೆಗೆ ಅಂಗಡಿಯವರಿಗೆ ಸೇವೆ ಕೊಡಲಾರದು. ಬೇರೆ ದಾರಿಯೂ ಇತ್ತೆಂಬುದನ್ನು ಮರೆಯಬಾರದು. ಅಮೆರಿಕದ ಕೇಂದ್ರ ಬ್ಯಾಂಕು ಚೆಕ್ಕುಗಳ ವಿಷಯದಲ್ಲಿ ದಶಕಗಳ ಹಿಂದೆಯೇ ಕಡಿತವಿಲ್ಲದ ಪೂರ್ತಿ ಪಾವತಿಯನ್ನು ರೂಢಿಗೆ ತಂದಿತ್ತು. ಕೆನಡಾದ ಇಂಟರಾಕ್ ಡೆಬಿಟ್ ಜಾಲ ಇಂಟರ್‌ಚೇಂಜ್ ಶುಲ್ಕವಿಲ್ಲದೆಯೇ ಬೆಳೆಯಿತು.

ಮೊದಲ ದೊಡ್ಡ ಪ್ರಶ್ನೆ ಎದ್ದದ್ದು ಫ್ಲೋರಿಡಾದಲ್ಲಿ. ನ್ಯಾಬ್ಯಾಂಕೊ ಎಂಬ ಕಂಪನಿ ಅಂಗಡಿಗಳ ಲೆಕ್ಕ ಮಾತ್ರ ನೋಡುತ್ತಿತ್ತು, ಕಾರ್ಡ್ ಕೊಡುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಶುಲ್ಕ ಕೊಡುವುದೊಂದೇ, ಪಡೆಯುವುದಿಲ್ಲ. ಪೈಪೋಟಿ ನಡೆಸಬೇಕಾದ ಬ್ಯಾಂಕುಗಳು ಕೂಡಿ ಬೆಲೆ ಕಟ್ಟಿದ್ದು ಕಾನೂನಿಗೆ ವಿರುದ್ಧ ಎಂದು ಅದು ವೀಸಾ ಮೇಲೆ ದಾವೆ ಹೂಡಿತು. 1984ರಲ್ಲಿ ಸೋತಿತು, 1986ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಇಂಥ ಒಂದು ಏಕರೂಪ ದರವಿಲ್ಲದಿದ್ದರೆ ಯಾವ ಕಾರ್ಡೂ ಎಲ್ಲೆಡೆ ನಡೆಯುವುದಿಲ್ಲ ಎಂಬುದು ನ್ಯಾಯಾಲಯ ಒಪ್ಪಿದ ವಾದ.

ಆ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನ ಕಾನೂನು ಪ್ರಾಧ್ಯಾಪಕ ವಿಲಿಯಂ ಬ್ಯಾಕ್ಸ್‌ಟರ್ 1983ರ ಒಂದು ಪ್ರಬಂಧದಲ್ಲಿ ಈ ಶುಲ್ಕದ ತತ್ವವನ್ನೇ ಬಿಡಿಸಿಟ್ಟಿದ್ದರು. ಕಾರ್ಡ್ ವ್ಯವಹಾರಕ್ಕೆ ಕೊಳ್ಳುವವರು, ಮಾರುವವರು ಇಬ್ಬರೂ ಒಟ್ಟಿಗೆ ಒಪ್ಪಬೇಕು. ಇಬ್ಬರಿಗೂ ಅದರಿಂದಾಗುವ ಉಪಯೋಗ ಒಂದೇ ಅಳತೆಯದಲ್ಲ, ಇಬ್ಬರಿಗಾಗಿ ಬ್ಯಾಂಕು ಮಾಡುವ ಖರ್ಚೂ ಒಂದೇ ಅಳತೆಯದಲ್ಲ. ಆದ್ದರಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಣ ದಾಟಿಸದೆ ತಕ್ಕಡಿ ನಿಲ್ಲದು. ಪತ್ರಿಕೆಗಳು ಓದುಗರಿಗೆ ಅಗ್ಗವಾಗಿ ಸಿಕ್ಕಿ, ಖರ್ಚನ್ನು ಜಾಹೀರಾತಿನವರು ಹೊರುವಂತೆ. ಫ್ರಾನ್ಸಿನ ಅರ್ಥಶಾಸ್ತ್ರಜ್ಞರಾದ ಜಾನ್ ಟಿರೋಲ್ ಮತ್ತು ಜಾನ್ ಶಾರ್ಲ್ ರೋಶೆ ಈ ಯೋಚನೆಯನ್ನು ಎರಡು ಬದಿಯ ಮಾರುಕಟ್ಟೆಯ ಸಿದ್ಧಾಂತವಾಗಿ ಬೆಳೆಸಿದರು. ಟಿರೋಲ್ ಅವರಿಗೆ 2014ರಲ್ಲಿ ನೊಬೆಲ್ ಬಂತು.

ಕುತೂಹಲದ ತಿರುವು ಇರುವುದು ಈ ಸಿದ್ಧಾಂತದ ಮುಂದಿನ ಹೆಜ್ಜೆಯಲ್ಲಿ. ಫೋನು, ಕಂಪ್ಯೂಟರು ಅಗ್ಗವಾದವು, ಚೀಟಿ ಹೋಯಿತು, ತಿಂಗಳುಗಟ್ಟಲೆಯ ಲೆಕ್ಕ ಕ್ಷಣದ ಕೆಲಸವಾಯಿತು. ಖರ್ಚು ಇಳಿದಂತೆ ಶುಲ್ಕವೂ ಇಳಿಯಬೇಕಿತ್ತು. ಇಳಿಯಲಿಲ್ಲ. ಪೈಪೋಟಿ ಇರಲಿಲ್ಲವೆಂದಲ್ಲ, ಪೈಪೋಟಿ ಇದ್ದದ್ದೇ ಕಾರಣ. ಯಾವ ಜಾಲದ ಕಾರ್ಡನ್ನು ಹಂಚಬೇಕೆಂದು ಆರಿಸುವುದು ಗಿರಾಕಿಯ ಬ್ಯಾಂಕು. ಹೆಚ್ಚು ಇಂಟರ್‌ಚೇಂಜ್ ಕೊಡಿಸುವ ಜಾಲವೇ ಅದಕ್ಕೆ ಇಷ್ಟ. ಹಾಗಾಗಿ ಜಾಲಗಳು ಬೆಲೆ ಏರಿಸಿ ಪೈಪೋಟಿ ನಡೆಸಿದವು. ಬಂದ ಹಣದ ಒಂದು ಭಾಗ ಗಿರಾಕಿಗೆ ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕು, ವಿಮಾನ ನಿಲ್ದಾಣದ ಲೌಂಜಾಗಿ ಬಂತು. ಅಂಗಡಿಯವರು ಕಾರ್ಡನ್ನು ಬೇಡವೆನ್ನುವಂತಿಲ್ಲ, ಗಿರಾಕಿ ಕೈತಪ್ಪುತ್ತಾರೆ. ಅವರು ಆ ಖರ್ಚನ್ನು ಸರಕಿನ ಬೆಲೆಗೆ ಸೇರಿಸುತ್ತಾರೆ. ನಗದು ಎಣಿಸಿ ಕೊಡುವ ಕೂಲಿಯವರೂ ಅದೇ ಬೆಲೆ ತೆರುತ್ತಾರೆ. ಲೌಂಜಿನ ಊಟಕ್ಕೆ ಅವರ ಜೇಬಿನದೂ ಒಂದಿಷ್ಟು ಸೇರಿರುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಸರ್ಕಾರಗಳು ತಡವಾಗಿಯಾದರೂ ಎಚ್ಚೆತ್ತವು. ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕು 2003ರಲ್ಲಿ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜನ್ನು ಬಲವಂತವಾಗಿ ಇಳಿಸಿತು. ಅಮೆರಿಕದಲ್ಲಿ 2011ರಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ 21 ಸೆಂಟ್ ಮತ್ತು ಮೊತ್ತದ ಶೇ. 0.05 ಎಂಬ ಮಿತಿ ಬಂತು. ಅದಕ್ಕೆ ಮುಂಚೆ ಸರಾಸರಿ 44 ಸೆಂಟ್ ಇತ್ತು. ಯುರೋಪಿನಲ್ಲಿ 2015ರಿಂದ ಡೆಬಿಟ್‌ಗೆ ಶೇ. 0.2, ಕ್ರೆಡಿಟ್‌ಗೆ ಶೇ. 0.3.

ನಮ್ಮಲ್ಲಿ ರಿಸರ್ವ್ ಬ್ಯಾಂಕು 2012ರಲ್ಲಿ ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ಮಿತಿ ಹಾಕಿತು, 2018ರಲ್ಲಿ ಅದನ್ನು ಅಂಗಡಿಯ ಗಾತ್ರಕ್ಕೆ ಹೊಂದಿಸಿತು. ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದ ವಹಿವಾಟಿದ್ದರೆ ಮಷೀನಿನಲ್ಲಿ ಉಜ್ಜಿದ್ದಕ್ಕೆ ಶೇ. 0.40ರ ತನಕ, ಉಳಿದವರಿಗೆ ಶೇ. 0.90ರ ತನಕ. ಐನೂರು ರೂಪಾಯಿಯ ವ್ಯಾಪಾರಕ್ಕೆ ಸಣ್ಣ ಅಂಗಡಿಗೆ ಎರಡು ರೂಪಾಯಿ, ದೊಡ್ಡ ಅಂಗಡಿಗೆ ನಾಲ್ಕೂವರೆ. 2019ರ ಕೊನೆಗೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಆಗ ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿದ್ದವರು, ರುಪೇ ಡೆಬಿಟ್ ಮತ್ತು ಯುಪಿಐಗೆ ಎಂಡಿಆರ್ ಸೊನ್ನೆ ಎಂದು ಸಾರಿದರು. 2020ರ ಜನವರಿ 1ರಿಂದ ಅದು ಜಾರಿಗೆ ಬಂತು. ತಳ್ಳುಗಾಡಿಯಲ್ಲೂ ಕ್ಯೂಆರ್ ಚೀಟಿ ಕಾಣುವುದಕ್ಕೆ ಆ ಸೊನ್ನೆಯ ಪಾತ್ರ ದೊಡ್ಡದು.

ಸೊನ್ನೆ ಎಂದರೆ ಖರ್ಚಿಲ್ಲವೆಂದಲ್ಲ. ಸರ್ವರು ಓಡಬೇಕು, ವಂಚನೆ ಹಿಡಿಯಬೇಕು. ಆ ಭಾರ ಬ್ಯಾಂಕುಗಳ ಮೇಲೆ, ಆ್ಯಪ್ ಕಂಪನಿಗಳ ಮೇಲೆ, ಸರ್ಕಾರದ ಬೊಕ್ಕಸದ ಮೇಲೆ ಬೀಳುತ್ತದೆ. 2024-25ನೇ ಸಾಲಿಗೆ ಸಣ್ಣ ಮೊತ್ತದ ಯುಪಿಐ ಪಾವತಿಗಳ ಪ್ರೋತ್ಸಾಹಕ್ಕೆ ಕೇಂದ್ರ ಸಚಿವ ಸಂಪುಟ ಸುಮಾರು 1,500 ಕೋಟಿ ರೂಪಾಯಿ ಒಪ್ಪಿತು. ಸಣ್ಣ ವ್ಯಾಪಾರಿಗಳಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗೆ ಶೇ. 0.15ರಂತೆ. ತೆರಿಗೆಯ ಹಣವೇ ಅದು, ಆದರೂ ಅದರ ಮೊತ್ತ ಬಹಿರಂಗವಾಗಿದೆ, ಅದು ಸಾಲದು ಅಥವಾ ಹೆಚ್ಚಾಯಿತು ಎಂದು ಸಂಸತ್ತಿನಲ್ಲಿ ಕೇಳಬಹುದು. ಕ್ರೆಡಿಟ್ ಕಾರ್ಡಿನ ಕತೆ ಹಾಗಲ್ಲ. ಡೆಬಿಟ್‌ಗೆ ಹಾಕಿದಂಥ ಮಿತಿಯನ್ನು ರಿಸರ್ವ್ ಬ್ಯಾಂಕು ಕ್ರೆಡಿಟ್‌ಗೆ ಹಾಕಿಲ್ಲ. ಬಳೆಪೇಟೆಯ ಅಂಗಡಿಯವರ ನೂರು ರೂಪಾಯಿಯಲ್ಲಿ ಗಿರಾಕಿಯ ಬ್ಯಾಂಕಿಗೆ ಎಷ್ಟು, ಜಾಲಕ್ಕೆ ಎಷ್ಟು, ಮಷೀನಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದ ಲೆಕ್ಕ ಪ್ರತಿ ತಿಂಗಳೂ ಅವರ ಕೈಸೇರಬೇಕು. 1971ರಲ್ಲಿ ಅವರನ್ನು ಕೇಳದೆ ಇಟ್ಟ ಅಂಕಿಯ ಬಗ್ಗೆ ಅವರು ಮಾತು ಶುರುಮಾಡಬೇಕಾದರೆ ಮೊದಲು ಆ ಕಾಗದ ಬೇಕು.