ನೂರು ಅಂತಸ್ತಿನ ಕೋಟೆ

ಮಾಲೆಯಾಗಿ ಬರುವ ಕಾದಂಬರಿಗಳ ಬಗೆಗೆ ವಿಮರ್ಶಕರಿಗೆ ಸಾಮಾನ್ಯವಾಗಿ ಗೌರವವಿಲ್ಲ. ಕಥೆ ಒಂದೇ ಪುಸ್ತಕದಲ್ಲಿ ಮುಗಿಯದಿದ್ದರೆ ಅದರಲ್ಲೇನೋ ವ್ಯಾಪಾರದ ವಾಸನೆಯಿದೆಯೆಂದು ಅವರ ಗುಮಾನಿ. ವಾಚಕರ ಭಾವನೆಯೇ ಬೇರೆ. ಮೆಚ್ಚಿದ ಪಾತ್ರಗಳು ಮತ್ತೆ ಬರುತ್ತವೆಂದರೆ, ದೂರದ ನೆಂಟರು ಊರಿಗೆ ಬರುವ ಸುದ್ದಿ ಕೇಳಿದಷ್ಟು ಸಂತೋಷ ಅವರಿಗೆ. ನಾನು ಈ ಎರಡನೆಯ ಗುಂಪಿಗೆ ಸೇರಿದವನು. ಆದುದರಿಂದಲೇ ಒಂದು ಮಾಲೆ ಸೊಗಸಾಗಿ ತೊಡಗಿ ನಡುವೆ ಹದಗೆಟ್ಟಾಗ ನನಗಾಗುವ ವ್ಯಥೆಯಲ್ಲಿ ಸ್ವಲ್ಪ ನೆಂಟಸ್ತಿಕೆಯ ಅಂಶವೂ ಬೆರೆತಿರುತ್ತದೆ. ಜಪಾನಿನ ಅಂಥದೊಂದು ಮಾಲೆಯ ಏಳುಬೀಳುಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಜಪಾನಿನಲ್ಲಿ 'ಲೈಟ್ ನಾವೆಲ್' ಎಂಬ ಒಂದು ಬಗೆಯ ಪುಸ್ತಕಗಳುಂಟು. ಹೆಸರು ಇಂಗ್ಲಿಷಿನದಾದರೂ ಅದನ್ನು ಕಟ್ಟಿಕೊಂಡವರು ಜಪಾನೀಯರೇ. ಅಂಗೈಯಲ್ಲಿ ಹಿಡಿಸುವ ಸಣ್ಣ ಆಕಾರ, ಮೊದಲಲ್ಲಿ ಬಣ್ಣದ ಚಿತ್ರಗಳು, ನಡುನಡುವೆ ಕಪ್ಪುಬಿಳುಪಿನ ರೇಖಾಚಿತ್ರಗಳು, ಸಂಭಾಷಣೆಯೇ ಹೆಚ್ಚಾದ ಸರಳ ಶೈಲಿ. ಓದುವವರು ಬಹುತೇಕ ಹೈಸ್ಕೂಲು ಕಾಲೇಜುಗಳ ತರುಣರು. ರೈಲಿನಲ್ಲಿ ಹೋಗುತ್ತ ಓದಿ ಮುಗಿಸಬಹುದಾದ ಪುಸ್ತಕ. ಅಂತಹ ಪುಸ್ತಕಗಳಿಗೆ ಹೆಸರಾದ 'ಡೆಂಗೆಕಿ ಬುಂಕೊ' ಗ್ರಂಥಮಾಲೆಯಲ್ಲಿ 2009ರ ಏಪ್ರಿಲ್‌ನಲ್ಲಿ ರೆಕಿ ಕವಹರ ಅವರ 'ಸೋರ್ಡ್ ಆರ್ಟ್ ಆನ್‌ಲೈನ್' ಎಂಬ ಕಾದಂಬರಿಯ ಮೊದಲ ಸಂಪುಟ ಹೊರಬಂದಿತು. ಚಿತ್ರಗಳನ್ನು ಬರೆದವರು ಅಬೆಕ್ ಎಂಬ ಹೆಸರಿನ ಕಲಾವಿದರು. ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಆದುದರಿಂದ ಭಾಷೆಯ ಗುಣದೋಷಗಳ ಮಾತನ್ನು ಎತ್ತುವುದಿಲ್ಲ. ಕಥೆಯ ಮಾತು ಮಾತ್ರ.

ಕಲ್ಪನೆ ಹೀಗಿದೆ. ತಲೆಗೆ ಶಿರಸ್ತ್ರಾಣದಂತೆ ಧರಿಸುವ ಒಂದು ಯಂತ್ರ. ಅದನ್ನು ತೊಟ್ಟವನ ಪಂಚೇಂದ್ರಿಯಗಳೂ ಹೊರಲೋಕವನ್ನು ಮರೆತು ಕಂಪ್ಯೂಟರ್ ಕಟ್ಟಿದ ಮಾಯಾಲೋಕವನ್ನೇ ಅನುಭವಿಸುತ್ತವೆ. ಆ ಮಾಯಾಲೋಕ, ಆಕಾಶದಲ್ಲಿ ತೇಲುವ ನೂರು ಅಂತಸ್ತಿನ ಕೋಟೆ: ಐನ್‌ಕ್ರಾಡ್. ಒಂದೊಂದು ಅಂತಸ್ತಿಗೂ ಊರು, ಕಾಡು, ಕೆರೆ, ಕೊನೆಯಲ್ಲಿ ಕಾವಲಿಗೊಬ್ಬ ದೈತ್ಯ. 2022ರ ನವೆಂಬರ್ 6ರಂದು ಹತ್ತು ಸಾವಿರ ಜನ ಈ ಆಟಕ್ಕೆ ಇಳಿಯುತ್ತಾರೆ. ಸಂಜೆಯ ಹೊತ್ತಿಗೆ ಹೊರಗೆ ಹೋಗುವ ಬಾಗಿಲೇ ಮಾಯವಾಗಿರುವುದು ಕಾಣುತ್ತದೆ. ಆಟವನ್ನು ರಚಿಸಿದ ಕಯಬ ಅಕಿಹಿಕೊ ಎಂಬಾತ ಆಕಾಶದಲ್ಲಿ ಕಾಣಿಸಿಕೊಂಡು ನಿಯಮವನ್ನು ಸಾರುತ್ತಾನೆ: ನೂರನೆಯ ಅಂತಸ್ತನ್ನು ಗೆಲ್ಲುವವರೆಗೂ ಯಾರಿಗೂ ಬಿಡುಗಡೆಯಿಲ್ಲ, ಒಳಗೆ ಸತ್ತವನ ತಲೆಯ ಮೇಲಿನ ಯಂತ್ರ ಹೊರಗೆ ಅವನ ಮಿದುಳನ್ನು ಸುಟ್ಟುಬಿಡುತ್ತದೆ. ಬರೆದಾಗ ಭವಿಷ್ಯವಾಗಿದ್ದ ಆ ದಿನಾಂಕ ಈಗ ಕಳೆದುಹೋಗಿದೆ. ಅಂತಹ ಯಂತ್ರ ಇನ್ನೂ ಬಂದಿಲ್ಲವೆಂಬುದು ಒಂದು ಸಮಾಧಾನ.

ಈ ಕಲ್ಪನೆಯ ಬೆಲೆ ಇರುವುದು ಯಂತ್ರದಲ್ಲಿ ಅಲ್ಲವೇ ಅಲ್ಲ. ಆಟವೆಂಬುದು ಮತ್ತೆ ಮತ್ತೆ ಸತ್ತು ಹುಟ್ಟುವ ಜಾಗ. ಅಲ್ಲಿಗೆ ನಿಜವಾದ ಮರಣವನ್ನು ತಂದು ಕೂರಿಸಿದ ಕೂಡಲೇ ಪ್ರತಿಯೊಂದು ಕ್ಷುಲ್ಲಕ ವಸ್ತುವಿಗೂ ತೂಕ ಬಂದುಬಿಡುತ್ತದೆ. ನಾಯಕಿ ಅಸುನ ಕತ್ತಿವರಸೆಯಲ್ಲಿ ಮಿಂಚಿನಂಥವಳು, ದೊಡ್ಡದೊಂದು ದಂಡಿನ ಉಪನಾಯಕಿ. ಅವಳು ಆ ಮಾಯಾಲೋಕದ ಸಂಬಾರಪದಾರ್ಥಗಳನ್ನೆಲ್ಲ ಬೆರೆಸಿ ಬೆರೆಸಿ, ಬಹುಕಾಲ ಪ್ರಯೋಗ ಮಾಡಿ, ಕೊನೆಗೆ ತನ್ನ ನಾಡಿನ ಸೋಯಾ ರಸದ ರುಚಿಯನ್ನು ಕಂಡುಹಿಡಿಯುತ್ತಾಳೆ. ಇಪ್ಪತ್ತೆರಡನೆಯ ಅಂತಸ್ತಿನ ಕೆರೆಯ ದಡದಲ್ಲಿ ಗಾಳ ಹಾಕಿ ಕುಳಿತ ಮುದುಕನೊಬ್ಬ ಆ ರಸದೊಡನೆ ಮೀನು ಉಂಡು ಮೈಮರೆಯುವ ಸಂದರ್ಭವೊಂದಿದೆ. ಆತ ಯುದ್ಧಕ್ಕೆ ಹೋಗುವವನಲ್ಲ. ಬಿಡುಗಡೆಯ ಆಸೆಯನ್ನೂ ಹೆಚ್ಚಾಗಿ ಇಟ್ಟುಕೊಂಡವನಲ್ಲ. ಪರಸ್ಥಳದಲ್ಲಿದ್ದು ಊರಿನ ಉಪ್ಪಿನಕಾಯಿಗೆ ಹಂಬಲಿಸಿದ ಯಾರಿಗೂ ಆ ಪುಟಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಂಪುಟ ಅದೇ ವರ್ಷದ ಆಗಸ್ಟಿನಲ್ಲಿ ಬಂದಿತು. ನಾಲ್ಕು ಬಿಡಿಕಥೆಗಳು. ಕೊನೆಯದು ಇಡೀ ಮಾಲೆಯಲ್ಲೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ನಾಯಕ ಕಿರಿತೊ ತನ್ನ ನಿಜವಾದ ಬಲವನ್ನು ಮರೆಮಾಚಿ, ಐವರು ಗೆಳೆಯರ ಒಂದು ಬಡ ತಂಡವನ್ನು ಸೇರುತ್ತಾನೆ. ಅವರೊಡನೆ ಇರುವ ಸುಖಕ್ಕಾಗಿ ಆಡಿದ ಸಣ್ಣ ಸುಳ್ಳು. ಆ ತಂಡದಲ್ಲಿ ಸಾಚಿ ಎಂಬ ಹುಡುಗಿ. ಸಾವಿಗೆ ಹೆದರಿ ರಾತ್ರಿ ನಿದ್ದೆ ಬಾರದವಳು. ಒಂದು ದಿನ ತಂಡದ ಮುಖ್ಯಸ್ಥ ಎಲ್ಲರಿಗಾಗಿ ಮನೆ ಕೊಳ್ಳಲು ಹೋಗಿದ್ದಾಗ ಉಳಿದವರು ಗುಹೆಯೊಂದರಲ್ಲಿ ಪೆಟ್ಟಿಗೆ ತೆರೆದು ಬಲೆಗೆ ಬೀಳುತ್ತಾರೆ. ಕಿರಿತೊ ಒಬ್ಬನೇ ಬದುಕುತ್ತಾನೆ. ಸುದ್ದಿ ಕೇಳಿದ ಮುಖ್ಯಸ್ಥ ಕೋಟೆಯ ಅಂಚಿನಿಂದ ಹಾರಿಬಿಡುತ್ತಾನೆ. ತಿಂಗಳುಗಳ ಬಳಿಕ, ಸತ್ತವರನ್ನು ಬದುಕಿಸುವ ಸಂಜೀವಿನಿಯಂಥ ವಸ್ತುವೊಂದು ಕ್ರಿಸ್ಮಸ್ ರಾತ್ರಿ ಸಿಗುತ್ತದೆಂದು ಕೇಳಿ ಕಿರಿತೊ ಒಬ್ಬನೇ ಹೋರಾಡಿ ಅದನ್ನು ಪಡೆಯುತ್ತಾನೆ. ಪಡೆದ ಮೇಲೆ ಅದರ ವಿವರಣೆಯನ್ನು ಓದುತ್ತಾನೆ: ಸತ್ತ ಹತ್ತು ಸೆಕೆಂಡುಗಳೊಳಗೆ ಮಾತ್ರ ಅದು ಫಲಿಸುತ್ತದೆ. ಆ ರಾತ್ರಿಯೇ ಸಾಚಿ ಬದುಕಿದ್ದಾಗ ಅವನಿಗಾಗಿ ತುಂಬಿಟ್ಟಿದ್ದ ಧ್ವನಿಸಂದೇಶ ಅವನ ಕೈಸೇರುತ್ತದೆ. ಅವನ ಸುಳ್ಳು ಅವಳಿಗೆ ಮೊದಲೇ ತಿಳಿದಿತ್ತು. ಅಷ್ಟನ್ನು ಹೇಳಿ ಅವಳು ಒಂದು ಕ್ರಿಸ್ಮಸ್ ಹಾಡನ್ನು ಹಾಡುತ್ತಾಳೆ. ಕರುಣರಸಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಿಲ್ಲ. ಹತ್ತು ಸೆಕೆಂಡು ಎಂಬ ಆ ಸಂಖ್ಯೆಯಲ್ಲೇ ಕಥೆಯ ಪ್ರಾಮಾಣಿಕತೆ ಇದೆ: ಸತ್ತವರು ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಮೊದಲ ಸಂಪುಟ ಮೊದಲ ಅಂತಸ್ತಿನಿಂದ ಎಪ್ಪತ್ತನಾಲ್ಕನೆಯದಕ್ಕೆ ನೆಗೆಯುತ್ತದೆ. ನಡುವಿನ ಎರಡು ವರ್ಷಗಳು ನಮಗೆ ಕಾಣುವುದೇ ಇಲ್ಲ. ಎಪ್ಪತ್ತೈದನೆಯ ಅಂತಸ್ತಿನಲ್ಲಿ ಕಯಬನೇ ವೇಷ ಮರೆಸಿಕೊಂಡು ತಮ್ಮೊಡನೆ ಇದ್ದನೆಂಬುದು ಬಯಲಾಗಿ, ದ್ವಂದ್ವಯುದ್ಧ ನಡೆದು ಆಟ ಮುಗಿಯುತ್ತದೆ. ಆ ಯುದ್ಧದಲ್ಲಿ ಅಸುನ ಸಾಯುತ್ತಾಳೆ; ಕಿರಿತೊವೂ ಸಾಯುತ್ತಾನೆ. ಸತ್ತ ಮೇಲೂ ಕೇವಲ ಸಂಕಲ್ಪಬಲದಿಂದ ಕತ್ತಿಯನ್ನೆತ್ತಿ ಶತ್ರುವನ್ನು ಇರಿಯುತ್ತಾನೆ, ಕೊನೆಗೆ ಇಬ್ಬರೂ ಬದುಕುತ್ತಾರೆ! ಓದುವಾಗ ನಾವು ಕ್ಷಮಿಸಿಬಿಡುತ್ತೇವೆ. ಕೋಟೆ ಕುಸಿಯುವುದನ್ನು ಅವರಿಬ್ಬರೂ ಸಂಜೆಯ ಆಕಾಶದಲ್ಲಿ ನಿಂತು ನೋಡುವ ದೃಶ್ಯ ಅಷ್ಟು ಮನೋಹರವಾಗಿದೆ. ಆದರೆ ಗ್ರಂಥಕರ್ತರು ತಾವೇ ಹಾಕಿದ ನಿಯಮವನ್ನು ತಾವೇ ಮುರಿದದ್ದು ಅಲ್ಲಿಯೇ. ಅನೌಚಿತ್ಯವೇ ರಸಭಂಗಕ್ಕೆ ಮೂಲವೆಂದು ನಮ್ಮ ಆಲಂಕಾರಿಕರು ಹೇಳಿದ್ದು ಇಂತಹ ಸ್ಥಳಗಳಿಗೂ ಸಲ್ಲುತ್ತದೆ.

ಮೂರು ಮತ್ತು ನಾಲ್ಕನೆಯ ಸಂಪುಟಗಳಲ್ಲಿ ಆ ಬಿರುಕು ಬಾಯ್ತೆರೆದಿದೆ. ಆಟ ಮುಗಿದರೂ ಮುನ್ನೂರು ಮಂದಿ ಎಚ್ಚರಗೊಂಡಿಲ್ಲ. ಅವರಲ್ಲಿ ಅಸುನಳೂ ಒಬ್ಬಳು. ಅವಳನ್ನು ಹುಡುಕಿಕೊಂಡು ಕಿರಿತೊ ಇನ್ನೊಂದು ಆಟವನ್ನು ಹೊಗುತ್ತಾನೆ. ರೆಕ್ಕೆಯುಳ್ಳ ಯಕ್ಷಯಕ್ಷಿಯರ ಲೋಕ. ಹಾರಾಟದ ವರ್ಣನೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇಲ್ಲಿ ಸತ್ತವನು ನಿಜವಾಗಿ ಸಾಯುವುದಿಲ್ಲ. ಹಳೆಯ ಆಟದಲ್ಲಿ ಗಳಿಸಿದ ಶಕ್ತಿಯೆಲ್ಲ ನಾಯಕನಿಗೆ ಹಾಗೆಯೇ ಬಂದಿರುವುದರಿಂದ ಸೋಲುವ ಭಯವೂ ಇಲ್ಲ. ಭಯವಿಲ್ಲದೆಡೆ ವೀರ ಎಲ್ಲಿಯದು? ಕೊನೆಯ ಘಳಿಗೆಯಲ್ಲಿ ಕೈಸೋತಾಗ ಸತ್ತುಹೋಗಿದ್ದ ಕಯಬನ ಛಾಯೆಯೇ ಬಂದು ಲೋಕದ ಒಡೆತನವನ್ನೇ ಅವನ ಕೈಗಿಡುತ್ತದೆ. ಬಯಲಾಟದಲ್ಲಿ ದೇವರು ಪ್ರತ್ಯಕ್ಷನಾಗುವುದಕ್ಕೂ ಮೊದಲು ಭಕ್ತನ ಕಷ್ಟ ರಾತ್ರಿಯೆಲ್ಲ ನಡೆದಿರುತ್ತದೆ. ಇಲ್ಲಿ ಅಷ್ಟೂ ಇಲ್ಲ.

ಇದಕ್ಕಿಂತ ನನ್ನನ್ನು ನೋಯಿಸಿದ್ದು ಅಸುನಳ ಗತಿ. ಮೊದಲ ಸಂಪುಟದಲ್ಲಿ ಸೇನೆ ನಡೆಸಿದವಳು, ನಾಯಕನ ಪ್ರಾಣವನ್ನು ತನ್ನ ಪ್ರಾಣ ಕೊಟ್ಟು ಉಳಿಸಿದವಳು, ಎರಡು ಸಂಪುಟಗಳುದ್ದಕ್ಕೂ ಮರದ ತುದಿಯ ಚಿನ್ನದ ಪಂಜರದಲ್ಲಿ ಕುಳಿತಿರುತ್ತಾಳೆ. ತಪ್ಪಿಸಿಕೊಳ್ಳಲು ಒಮ್ಮೆ ಪ್ರಯತ್ನಿಸುತ್ತಾಳೆ; ಮತ್ತೆ ಪಂಜರ. ಖಳನಾಯಕ ನಾಯಕನ ಕಣ್ಣೆದುರಿಗೇ ಅವಳ ಮಾನಕ್ಕೆ ಕೈಹಾಕುವ ದೃಶ್ಯವನ್ನು ನಾಯಕನ ಕೋಪಕ್ಕೆ ಸೌದೆಯಾಗಲೆಂದೇ ತರಲಾಗಿದೆ. ದುಷ್ಟತನವನ್ನು ಚಿತ್ರಿಸುವುದು ತಪ್ಪಲ್ಲ. ದ್ರೌಪದಿಯ ಸಭಾಪರ್ವ ನಮಗೆ ತಿಳಿದದ್ದೇ. ಆದರೆ ಅಲ್ಲಿ ಅವಳಿಗೆ ಮಾತಿದೆ, ಪ್ರಶ್ನೆಯಿದೆ, ಇಡೀ ಸಭೆಯನ್ನು ತಲೆತಗ್ಗಿಸಿ ಕೂರಿಸುವ ಬಲವಿದೆ. ಅಸುನಳಿಗೆ ಕವಹರ ಅವರು ಅಷ್ಟನ್ನೂ ಉಳಿಸಲಿಲ್ಲ. ಮುಂದೆಯೂ ಈ ಮಾಲೆಯಲ್ಲಿ ಹೆಣ್ಣುಪಾತ್ರಗಳಿಗೆ ಇಂತಹ ಸಂಕಟಗಳು ಪದೇ ಪದೇ ಒದಗುತ್ತವೆ, ಅದೂ ಇದೇ ಬಗೆಯಾಗಿ. ತರುಣ ವಾಚಕರ ಕೈಗೆ ಹೋಗುವ ಪುಸ್ತಕವೆಂಬುದನ್ನು ನೆನೆದಾಗ ನನ್ನ ಅಸಮಾಧಾನ ಇನ್ನೂ ಹೆಚ್ಚುತ್ತದೆ.

ಇಲ್ಲಿ ಪ್ರಕಾಶಕರ ಆಸೆಬುರುಕುತನವನ್ನು ದೂರುವುದು ಸುಲಭ. ಮೊದಲ ಪುಸ್ತಕ ಮಾರಾಟವಾಯಿತು, ಮುಂದುವರಿಸೆಂದು ಒತ್ತಾಯ ಬಂದಿತು, ಲೇಖಕ ಎಳೆದ ಎಂಬುದು ನಮಗೆಲ್ಲ ಪರಿಚಿತವಾದ ಕಥೆ. ಈ ಮಾಲೆಯ ಇತಿಹಾಸ ಹಾಗಿಲ್ಲ. ಕವಹರ ಮೊದಲ ಸಂಪುಟವನ್ನು ಬರೆದದ್ದು 2002ರ ಒಂದು ಕಾದಂಬರಿ ಸ್ಪರ್ಧೆಗಾಗಿ. ಪುಟಗಳ ಮಿತಿಯನ್ನು ಮೀರಿದ್ದರಿಂದ ಅದನ್ನು ಕಳಿಸದೆ, ಬೇರೊಂದು ಹೆಸರಿನಲ್ಲಿ ತಮ್ಮದೇ ಅಂತರ್ಜಾಲ ಪುಟದಲ್ಲಿ ಪ್ರಕಟಿಸಿದರು. ಓದಿದವರು ಮೆಚ್ಚಿದರು, ಅವರು ಮುಂದೆ ಮುಂದೆ ಬರೆಯುತ್ತ ಹೋದರು. 2008ರಲ್ಲಿ 'ಆಕ್ಸೆಲ್ ವರ್ಲ್ಡ್' ಎಂಬ ಬೇರೊಂದು ಕೃತಿಗೆ ಡೆಂಗೆಕಿ ಕಾದಂಬರಿ ಸ್ಪರ್ಧೆಯ ಹದಿನೈದನೆಯ ವರ್ಷದ ಮಹಾಪ್ರಶಸ್ತಿ ಬಂದ ಮೇಲೆಯೇ ಈ ಹಳೆಯ ಬರೆಹ ಸಂಪಾದಕರ ಕಣ್ಣಿಗೆ ಬಿದ್ದು ಅಚ್ಚಿಗೆ ಹೋದದ್ದು. ಆ ಹೊತ್ತಿಗೆ ಪಂಜರದ ಕಥೆಯೂ, ಅದರ ಮುಂದಿನ ಬಹುಭಾಗವೂ ಬರೆದಾಗಿತ್ತು. ಹಣದ ಆಸೆಯಿಲ್ಲದೆ, ಸಂಪಾದಕನ ಕತ್ತರಿಯೂ ಇಲ್ಲದೆ, ಸಂಪೂರ್ಣ ಸ್ವಾತಂತ್ರ್ಯದಲ್ಲಿ ಬರೆದ ಕಥೆ ಅದು. ಸ್ಪರ್ಧೆಗೆಂದು, ಮಿತಿಯ ಭಯದಲ್ಲಿ, ಒಂದೇ ಪುಸ್ತಕವಾಗಿ ಮುಗಿಯಬೇಕೆಂದು ಬರೆದದ್ದು ಮೊದಲ ಸಂಪುಟ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ತರುಣ ಲೇಖಕನಾದರೂ ಸ್ವಲ್ಪ ಯೋಚನೆಗೆ ಬೀಳಬೇಕು.

ಐದು, ಆರನೆಯ ಸಂಪುಟಗಳ ಬಂದೂಕಿನ ಲೋಕದ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪತ್ತೇದಾರಿ ಕುತೂಹಲ ಉಂಟು, ಅಷ್ಟೆ. ಆದರೆ 2011ರ ಏಪ್ರಿಲ್‌ನಲ್ಲಿ ಬಂದ ಏಳನೆಯ ಸಂಪುಟ ಒಂದು ಆಶ್ಚರ್ಯ. ಕಿರಿತೊ ಹಿನ್ನೆಲೆಗೆ ಸರಿದಿದ್ದಾನೆ, ಕಥೆ ಅಸುನಳದು. ಆಟದಲ್ಲಿ ಅವಳನ್ನು ಸೋಲಿಸಿದ ಯೂಕಿ ಎಂಬ ಹುಡುಗಿ, ಹುಟ್ಟಿದಾಗಲೇ ರಕ್ತಪೂರಣದ ಮೂಲಕ ಎಚ್‌ಐವಿ ತಗುಲಿ, ಆಸ್ಪತ್ರೆಯ ಕೋಣೆಯೊಂದರಲ್ಲಿ ಯಂತ್ರಕ್ಕೆ ತಲೆಯೊಡ್ಡಿ ಮಲಗಿದ ರೋಗಿಯೆಂಬುದು ತಿಳಿಯುತ್ತದೆ. ಹೊರಗೆ ಎದ್ದು ಕೂರಲಾರದವಳು ಒಳಗೆ ಎಲ್ಲರಿಗಿಂತ ವೇಗವಾಗಿ ಹಾರುತ್ತಾಳೆ. ಅವಳು ಸಾಯುತ್ತಾಳೆ, ಸಂಜೀವಿನಿ ಬರುವುದಿಲ್ಲ, ಛಾಯೆಯೂ ಬರುವುದಿಲ್ಲ. ಮರಣಕ್ಕೆ ಅದರ ತೂಕವನ್ನು ಹಿಂದಿರುಗಿಸಿದ ಕೂಡಲೇ ಲೇಖಕರ ಕೈ ಮತ್ತೆ ಹದವಾಗುತ್ತದೆ. ಬಿದ್ದ ಮಾಲೆ ಇಲ್ಲಿ ಎದ್ದು ನಿಂತಿತೆಂದು ನಾನು ನಂಬಿದೆ.

ಒಂಬತ್ತರಿಂದ ಹದಿನೆಂಟರವರೆಗಿನ ಹತ್ತು ಸಂಪುಟಗಳು ಒಂದೇ ಕಥೆ. 2012ರಿಂದ 2016ರವರೆಗೆ ಬಂದವು. ಪ್ರಾರಂಭ ಭವ್ಯವಾಗಿದೆ. ಊರ ಹೊರಗಿನ ಒಂದು ದೈತ್ಯವೃಕ್ಷ. ಅದನ್ನು ಕಡಿಯುವ ಕೆಲಸ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದು ಏಳನೆಯವನಾದ ಯೂಜಿಯೊ ಎಂಬ ಹುಡುಗನ ಪಾಲಿಗೆ ಬಂದಿದೆ. ಕೊಡಲಿ ಬೀಸುತ್ತಾನೆ, ಮರ ಅಲುಗದು. ಶಾಸನವನ್ನು ಮೀರಲಾರದ ಜನ, ಮೀರಲೇಬೇಕಾದ ಒಂದು ಘಳಿಗೆ. ಆದರೆ ಯೂಜಿಯೊ ತೀರಿಕೊಂಡ ಮೇಲೆ ಕಥೆ ಹಿಗ್ಗಿ ಹಿಗ್ಗಿ ಯುದ್ಧವಾಗುತ್ತದೆ. ಹೊಸ ಹೊಸ ಸೇನೆಗಳು, ಹಳೆಯ ಪಾತ್ರಗಳ ಮೆರವಣಿಗೆ, ಮತ್ತದೇ ಖಳರು. ನಾಯಕ ಬಹುಪಾಲು ಪ್ರಜ್ಞೆಯಿಲ್ಲದೆ ಗಾಲಿಕುರ್ಚಿಯಲ್ಲಿ ಕುಳಿತಿರುತ್ತಾನೆ. ಎರಡು ಸಂಪುಟಗಳನ್ನು ನಾನು ಹಾಳೆ ಮಗುಚುತ್ತ ದಾಟಿದೆ.

ಈ ನಡುವೆ, 2012ರ ಅಕ್ಟೋಬರಿನಲ್ಲಿ, ಕವಹರ ಒಂದು ವಿಚಿತ್ರ ಕೆಲಸಕ್ಕೆ ಕೈಹಾಕಿದರು. 'ಪ್ರೊಗ್ರೆಸಿವ್' ಎಂಬ ಹೆಸರಿನಲ್ಲಿ ಐನ್‌ಕ್ರಾಡ್ ಕೋಟೆಯ ಕಥೆಯನ್ನು ಮೊದಲ ಅಂತಸ್ತಿನಿಂದ, ಒಂದನ್ನೂ ನೆಗೆಯದೆ, ಹೊಸದಾಗಿ ಬರೆಯತೊಡಗಿದರು. ಇದು ಅಚ್ಚಿಗಾಗಿಯೇ, ಒಪ್ಪಂದದ ಮೇಲೆಯೇ ಬರೆದದ್ದು. ಆದರೂ ಮಾಲೆಯ ಬಹುಭಾಗಕ್ಕಿಂತ ಮೇಲು. 2021ರಲ್ಲಿ ಎಂಟನೆಯ ಸಂಪುಟ ಬಂದಾಗ ಮುಗಿದಿದ್ದುದು ಏಳನೆಯ ಅಂತಸ್ತು. ಒಂಬತ್ತು ವರ್ಷಕ್ಕೆ ಏಳರಂತೆ ಲೆಕ್ಕ ಹಾಕಿದರೆ ಎಪ್ಪತ್ತೈದಕ್ಕೆ ತೊಂಬತ್ತಾರು ವರ್ಷ. ಕವಹರ ಹುಟ್ಟಿದ್ದು 1974ರಲ್ಲಿ. ಕೋಟೆಯ ತುದಿಯನ್ನು ಅವರೂ ಕಾಣಲಾರರು, ನಾನಂತೂ ಕಾಣಲಾರೆ.

ಆದರೂ ಓದುತ್ತಿದ್ದೇನೆ. ಮೊದಲ ಅಂತಸ್ತಿನ ಊರಿನಲ್ಲಿ, ನಾಳೆ ಸಾಯುವುದೇ ಖಚಿತವೆಂದು ನಂಬಿದ ಅಸುನ ಒಣಕಲು ಕಪ್ಪು ಬ್ರೆಡ್ಡನ್ನು ಕಡಿಯುತ್ತ ಬೀದಿಬದಿಯಲ್ಲಿ ಕುಳಿತಿರುತ್ತಾಳೆ. ಇನ್ನೂ ಪರಿಚಯವೇ ಇಲ್ಲದ ಕಿರಿತೊ ಪಕ್ಕದಲ್ಲಿ ಕುಳಿತು, ತನ್ನಲ್ಲಿದ್ದ ಸ್ವಲ್ಪ ಕೆನೆಯನ್ನು ಆ ಬ್ರೆಡ್ಡಿಗೆ ಸವರಿಕೊಳ್ಳಲು ಕೊಡುತ್ತಾನೆ. ಅವಳು ಮೊದಲು ಅನುಮಾನಿಸಿ, ಆಮೇಲೆ ಒಂದು ಚೂರೂ ಬಿಡದಂತೆ ತಿಂದು ಮುಗಿಸುತ್ತಾಳೆ.