ಚಾವಣಿಗೆ ಬಳಿದ ಸುಣ್ಣ, ಕುಡಿಯುವ ನೀರಿಗೆ ಕಾವಲು

ಬರ್ಮುಡಾದಲ್ಲಿ ಮನೆಯ ಗೋಡೆಗೆ ಯಾವ ಬಣ್ಣ ಬೇಕಾದರೂ ಬಳಿಯಬಹುದು. ಗುಲಾಬಿ, ಹಳದಿ, ತಿಳಿನೀಲಿ, ಎಲ್ಲವೂ ಉಂಟು. ಚಾವಣಿ ಮಾತ್ರ ಅಚ್ಚ ಬಿಳಿ. ಅದು ಅಂದಕ್ಕಲ್ಲ, ಬಾಯಾರಿಕೆಗೆ!

ಉತ್ತರ ಅಟ್ಲಾಂಟಿಕ್‌ ಸಾಗರದ ಈ ಪುಟ್ಟ ದ್ವೀಪಗಳಲ್ಲಿ ಒಂದೇ ಒಂದು ನದಿಯಿಲ್ಲ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಜನ ನಂಬಿರುವುದು ಮುಖ್ಯವಾಗಿ ಮಳೆಯನ್ನೇ. ಚಾವಣಿಯ ಮೇಲೆ ಬಿದ್ದ ನೀರು ಸೀದಾ ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ. ಮಳೆನೀರು ಹಿಡಿಯುವುದು ಅಲ್ಲಿ ಕಾನೂನಿನ ಕಟ್ಟಳೆ.

ಚಾವಣಿ ಕಟ್ಟುವ ಬಗೆಯೂ ವಿಚಿತ್ರ. ಅಲ್ಲೇ ಸಿಗುವ ಸುಣ್ಣಕಲ್ಲನ್ನು ಹಲಗೆಯಂತೆ ಕೊಯ್ದು, ಮರದ ತೊಲೆಗಳ ಮೇಲೆ ಒಂದರ ಅಂಚಿಗೊಂದು ಏರುವಂತೆ ಕೂರಿಸುತ್ತಾರೆ. ದೂರದಿಂದ ನೋಡಿದರೆ ಮೆಟ್ಟಿಲೇ. ಈ ಮೆಟ್ಟಿಲು ರಭಸದ ಮಳೆಯ ಓಟಕ್ಕೆ ಕಡಿವಾಣ. ನೀರು ಹೊರಗೆ ಚಿಮ್ಮದೆ ತೊಟ್ಟಿಗೆ ಒಯ್ಯುವ ಕಾಲುವೆಗೆ ಸೇರುತ್ತದೆ. ಕಲ್ಲಿನ ಭಾರದಿಂದಾಗಿ ಚಂಡಮಾರುತವೂ ಚಾವಣಿಯನ್ನು ಸುಲಭಕ್ಕೆ ಜಗ್ಗಿಸಲಾರದು.

ಸಂದುಗಳಿಗೆ ಗಾರೆ ಮೆತ್ತಿ, ಮೇಲೆ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ಕಲ್ಲಿನ ಸಣ್ಣ ರಂಧ್ರಗಳು ಮುಚ್ಚುತ್ತವೆ, ಸುಣ್ಣದ ಕ್ಷಾರಗುಣ ಸೂಕ್ಷ್ಮಜೀವಿಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಬಿಳುಪಿಗೆ ತಾಗಿದ ಬಿಸಿಲು ಪ್ರತಿಫಲಿಸಿ ಮನೆಯೊಳಗೂ ತಂಪು. ಈಗ ಸುಣ್ಣದ ಜಾಗಕ್ಕೆ ಕುಡಿಯುವ ನೀರನ್ನು ಕೆಡಿಸದ ವಿಶೇಷ ಪೇಂಟ್ ಬಂದಿದೆ. ಬಳಿಯುವ ಮೊದಲು ಚಾವಣಿಯ ಪಾಚಿ ಉಜ್ಜಿ ತೆಗೆಯಬೇಕು, ತೊಟ್ಟಿಗೆ ಹೋಗುವ ಕಿಂಡಿ ಮುಚ್ಚಬೇಕು. ಮರೆತರೆ ಆ ಕೊಳೆಯೆಲ್ಲ ಮನೆಯವರ ಲೋಟಕ್ಕೇ!

ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನಲು ಪುಟ್ಟ ಮೀನು ಸಾಕುವವರೂ ಅಲ್ಲಿದ್ದಾರೆ.