ಹೊಸ ಲ್ಯಾಪ್‌ಟಾಪಿಗೆ ಮೊದಲು ಕನ್ನಡ ಕೂಡಿಸಿ

ಲ್ಯಾಪ್‌ಟಾಪ್ ತಂದ ರೈತರು ಮೊದಲು ಕನ್ನಡ ಕೂಡಿಸಿಕೊಳ್ಳಬೇಕು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿರುವ 'ನುಡಿ' ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. 'ಅಕ್ಕಿ'ಗೆ ಎ, ಕೆ, ಎಫ್, ಕೆ, ಐ. ದಿನಾ ಅರ್ಧ ಗಂಟೆ ಕೂತರೆ ಬೆರಳು ಪಳಗುತ್ತೆ.

ಒಂದು ಎಚ್ಚರಿಕೆ. ಬರೆಯೋದು ಯುನಿಕೋಡಿನಲ್ಲೇ ಇರಲಿ. 1991ರಿಂದಲೇ ಅದರಲ್ಲಿ ಕನ್ನಡ ಇದೆ. ಹಳೇ ಫಾಂಟಿನಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತೆ. ಯಾವ ಮಳೆಗೆ ರಾಗಿ ಬಿತ್ತಿದ್ದು, ಬೀಜಕ್ಕೆ, ಕೂಲಿಗೆ ಎಷ್ಟಾಯ್ತು ಎಂಬ ಹತ್ತು ವರ್ಷದ ಲೆಕ್ಕ ಮಕ್ಕಳಿಗೆ ಓದಕ್ಕೇ ಬರದಿದ್ದರೆ ಬರೆದು ಏನು ಬಂತು? ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ತೆಗೆದು, ಬಿತ್ತನೆ ಬೀಜದ ಹಾಗೆ ಜೋಪಾನವಾಗಿ ಬೇರೆ ಕಡೆ ಇಡಿ.